ಡೇಲ್ ಸಾಹೇಬರ ಸೋಲುವ ತಂಡ

ಏಪ್ರಿಲ್ ಬಂತೆಂದರೆ ನನ್ನ ಹಳೆಯ ಚಟವೊಂದು ಮರುಕಳಿಸುತ್ತದೆ. ಬೆಳಗಿನ ಕಾಫಿ ಲೋಟ ಒಂದು ಕೈಯಲ್ಲಿ ಹಿಡಿದು, ಕನ್ನಡಕ ಹುಡುಕಿಕೊಂಡು, ಅಮೆರಿಕದ ನಟ್ಟನಡುವಿನ ಯಾವುದೋ ಊರಿನ ಬೇಸ್‌ಬಾಲ್ ತಂಡ ನಿನ್ನೆ ಏನು ಮಾಡಿತು ಎಂದು ಫೋನಿನಲ್ಲಿ ನೋಡುತ್ತೇನೆ. ಆ ಊರನ್ನು ನಾನು ಕಂಡಿಲ್ಲ. ಆ ತಂಡದ ಒಬ್ಬ ಆಟಗಾರನ ಮುಖವೂ ನನಗೆ ಗೊತ್ತಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಬೇಸ್‌ಬಾಲ್ ಎಂಬ ಪದವನ್ನು ಈ ಹತ್ತು ವರ್ಷದಲ್ಲಿ ಬಾಯಿಬಿಟ್ಟು ಆಡಿದವಳು ಬಹುಶಃ ನಾನೊಬ್ಬಳೇ. "ಏನಂತೆ ನಿನ್ನ ಹುಡುಗರು, ಇವತ್ತೂ ಸೋತ್ರಾ?" ಎಂದು ನಮ್ಮವರು ಪೇಪರಿನ ಹಿಂದಿನಿಂದ ಕೇಳುತ್ತಾರೆ. ನಾನು ಉತ್ತರ ಕೊಡುವುದಿಲ್ಲ. ಉತ್ತರ ಕೊಡದಿದ್ದರೆ ಸೋತರು ಎಂದು ಅವರು ಅರ್ಥ ಮಾಡಿಕೊಳ್ಳುತ್ತಾರೆ.

ತಂಡದ ಹೆಸರು ಹೇಳುವುದಿಲ್ಲ. ಸೋತವರ ಹೆಸರು ಹೇಳಿ ಮತ್ತೆ ಅವಮಾನ ಮಾಡುವುದು ಸರಿಯಲ್ಲ ಎಂಬುದು ಒಂದು ಕಾರಣ. ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ ಎಂಬುದು ಇನ್ನೊಂದು.

ಈ ಚಟ ನನಗೆ ಹತ್ತಿದ್ದು ಮಸ್ಕತ್ತಿನ ಘಾಲಾದಲ್ಲಿ. ಘಾಲಾ ಎಂದರೆ ಗ್ಯಾರೇಜು, ಗೋದಾಮು, ವರ್ಕ್‌ಶಾಪುಗಳ ಬಡಾವಣೆ. ಅಲ್ಲಿ ಮರುಭೂಮಿಯ ತೈಲಬಾವಿಗಳ ಪಂಪುಗಳನ್ನು ರಿಪೇರಿ ಮಾಡುವ ಒಂದು ವಿದೇಶಿ ಕಂಪನಿಯ ಆಫೀಸಿನಲ್ಲಿ ನಾನು ಸೆಕ್ರೆಟರಿಯಾಗಿದ್ದೆ. ಮರಳು ತಿಂದು ಹಲ್ಲು ಸವೆದ ಪಂಪುಗಳು ಒಳನಾಡಿನಿಂದ ಟ್ರೇಲರುಗಳಲ್ಲಿ ಬರುತ್ತಿದ್ದವು. ಗುಣವಾಗಿ ವಾಪಸು ಹೋಗುತ್ತಿದ್ದವು. ನಮ್ಮವರಿಗೆ ಬೇರೆ ಕಂಪನಿಯಲ್ಲಿ ಏರ್‌ಕಂಡೀಷನಿಂಗ್ ಇಂಜಿನಿಯರ್ ಕೆಲಸ. ಮನೆ ಅಲ್ ಖುವೈರಿನಲ್ಲಿ.

ನಮ್ಮ ವರ್ಕ್‌ಶಾಪಿನ ಮ್ಯಾನೇಜರ್ ಡೇಲ್ ಎಂಬ ಅಮೆರಿಕನ್ನರು. ಅರವತ್ತು ದಾಟಿದ ಆಸಾಮಿ. ಎತ್ತರ, ತೆಳ್ಳಗೆ, ಮಾತು ಕಡಿಮೆ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಸುಮಾ ಎಂಬ ನನ್ನನ್ನು 'ಸೂಮಾ' ಎಂದು ಎಳೆದು ಕರೆಯುತ್ತಿದ್ದರು. ಎಲ್ಲರೂ ಅವರನ್ನು ಬರೀ ಡೇಲ್ ಎಂದೇ ಕರೆಯಬೇಕು ಎಂಬುದು ಅವರ ಆಸೆ. ನಮ್ಮ ನಾಲಿಗೆ ಕೇಳಬೇಕಲ್ಲ, ಡೇಲ್ ಸರ್ ಎಂದೇ ಉಳಿದುಕೊಂಡಿತು.

ಆಫೀಸು ಶುರುವಾಗುವುದು ಏಳೂವರೆಗೆ. ಆದರೆ ಏಳಕ್ಕೆ ಮೊದಲೇ ಅವರ ಬಿಳಿ ಕಾರು ಅಂಗಳದ ತಗಡಿನ ನೆರಳಿನಲ್ಲಿ ನಿಂತಿರುತ್ತಿತ್ತು. ಇಂಜಿನ್ ಚಾಲೂ, ಗಾಜು ಮುಚ್ಚಿದೆ, ಒಳಗೆ ಡೇಲ್ ಸರ್ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತಾ ಕೂತಿದ್ದಾರೆ. ನಾನು ಸೇರಿದ ಹೊಸತರಲ್ಲಿ ಇವರು ಪ್ರಾರ್ಥನೆ ಮಾಡುತ್ತಾರೆ ಎಂದುಕೊಂಡಿದ್ದೆ. ದೇವರ ಮೇಲೆ ಇಷ್ಟು ಭಕ್ತಿಯಿರುವ ಮನುಷ್ಯ ಎಂದು ಮನೆಯಲ್ಲಿ ಹೊಗಳಿಯೂ ಇದ್ದೆ. ಆಮೇಲೆ ತಿಳಿಯಿತು, ಅವರು ಕೇಳುತ್ತಿದ್ದದ್ದು ಫೋನಿನಲ್ಲಿ ಬರುವ ಬೇಸ್‌ಬಾಲ್ ಕಾಮೆಂಟರಿ. ಅವರ ಊರಿನಲ್ಲಿ ಸಂಜೆ ಶುರುವಾದ ಆಟ ನಮ್ಮ ಬೆಳಗಿಗೆ ಮುಗಿಯುತ್ತಿತ್ತು. ಆಟ ಮುಗಿದ ಮೇಲೆ ಕಾರಿನ ಬಾಗಿಲು ಹಾಕುವ ಸದ್ದಿನಲ್ಲೇ ಫಲಿತಾಂಶ ಗೊತ್ತಾಗುತ್ತಿತ್ತು. ಗೆದ್ದರೆ ಬಾಗಿಲನ್ನು ಹಾಗೇ ದೂಡಿ ಬರುತ್ತಿದ್ದರು. ಸೋತರೆ ಎರಡು ಕೈಯಿಂದ, ಮಲಗಿದ ಮಗುವಿನ ಕೋಣೆಯ ಬಾಗಿಲಿನಂತೆ, ಸದ್ದಿಲ್ಲದೆ ಒತ್ತಿ ಮುಚ್ಚುತ್ತಿದ್ದರು.

ನನಗೆ ಈ ದೃಶ್ಯ ಹೊಸತಲ್ಲ. ನಂಜನಗೂಡಿನ ಪೋಸ್ಟಾಫೀಸಿನಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆ ಕ್ರಿಕೆಟ್ ಕಾಮೆಂಟರಿಗಾಗಿ ಪ್ರಾಣ ಬಿಡುತ್ತಿದ್ದರು. ಕಂದು ಚರ್ಮದ ಅಂಗಿ ತೊಟ್ಟ ಟ್ರಾನ್ಸಿಸ್ಟರನ್ನು ಜಗುಲಿಯ ಕಿಟಕಿಯಲ್ಲಿ ಒಂದು ನಿರ್ದಿಷ್ಟ ಕೋನದಲ್ಲಿ ಇಟ್ಟು, ಅರ್ಧವೂ ತಿಳಿಯದ ಹಿಂದಿಗೆ ಕಿವಿ ಕೊಟ್ಟು ಕೂರುತ್ತಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿ ಮಿಕ್ಸಿ ಹಾಕುವಂತಿಲ್ಲ; ಹಾಕಿದರೆ ರೇಡಿಯೋ ಗೊರಗೊರ ಎನ್ನುತ್ತಿತ್ತು. ಭಾರತ ಸೋತ ದಿನ ತಂದೆ ಯಾರನ್ನೂ ಬೈಯುತ್ತಿರಲಿಲ್ಲ. ಕತ್ತರಿ ತೆಗೆದುಕೊಂಡು ಹಿತ್ತಲಿಗೆ ಹೋಗಿ ದಾಸವಾಳದ ಗಿಡ ಸವರುತ್ತಿದ್ದರು. ಒಂದು ವರ್ಷ ಭಾರತದವರು ಎಷ್ಟು ಸೋತರೆಂದರೆ ಅಮ್ಮನಿಗೆ ದೇವರ ಪೂಜೆಗೆ ಹೂವಿಲ್ಲದೆ ಪಕ್ಕದ ಮನೆಯಿಂದ ತರಿಸುವ ಹಾಗಾಯಿತು. ಹೀಗಾಗಿ ಸೋಲನ್ನು ಕೇಳಿಸಿಕೊಳ್ಳುವ ಗಂಡಸಿನ ಬೆನ್ನು ಹೇಗಿರುತ್ತದೆ ಎಂದು ನನಗೆ ಬಾಲ್ಯದಿಂದ ಗೊತ್ತು. ಕಾರಿನ ಗಾಜಿನಾಚೆ ಕಂಡದ್ದು ಅದೇ ಬೆನ್ನು.

ಮನಸ್ಸು ಮರುಗಿ ನಾನೂ ಆ ಆಟ ಕಲಿಯಲು ಹೊರಟೆ. ಫೋನಿಗೆ ಆ್ಯಪ್ ಹಾಕಿಸಿಕೊಂಡೆ. ಮೊದಲ ದಿನವೇ ಅಂಕಗಳನ್ನು ನೋಡಿ, ಹಿರಿಹಿರಿ ಹಿಗ್ಗಿ, ಅವರ ಕೋಣೆಗೆ ಹೋಗಿ, "ಕಂಗ್ರಾಜುಲೇಷನ್ಸ್ ಸರ್, ಒಂಬತ್ತು ರನ್" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಸೂಮಾ, ಆ ಒಂಬತ್ತು ಎದುರಿನವರದು."

"ನಮ್ಮದು?"

"ಸೊನ್ನೆ," ಎಂದರು ಡೇಲ್ ಸರ್. ಕನ್ನಡಕ ಮತ್ತೆ ಹಾಕಿಕೊಂಡು, "ಆದರೆ ಥ್ಯಾಂಕ್ಯೂ," ಎಂದೂ ಸೇರಿಸಿದರು.

ಅಂದಿನಿಂದ ಬಿಡುವಾದಾಗ ಒಂದೊಂದೇ ನಿಯಮ ಹೇಳಿಕೊಡುತ್ತಿದ್ದರು. ಒಂಬತ್ತು ಜನ, ಒಂಬತ್ತು ಸರದಿ, ಮೂವರು ಔಟಾದರೆ ಒಂದು ಸರದಿ ಮುಗಿಯಿತು. ಮೈದಾನದ ನಾಲ್ಕು ಮೂಲೆಗೆ ನಾಲ್ಕು ಬೇಸ್, ಎಲ್ಲ ಮುಟ್ಟಿ ಬಂದರೆ ಒಂದು ರನ್; ಎಸೆಯುವವನು ನಾಲ್ಕು ಸಲ ಗುರಿ ತಪ್ಪಿದರೆ ಹೊಡೆಯುವವನಿಗೆ ಮೊದಲ ಬೇಸ್ ಪುಕ್ಕಟೆ. ಬ್ಯಾಟು ತಾಗಿಸಿ ಚೆಂಡನ್ನು ಹಿಂದಕ್ಕೆ ತಿರುಗಿಸಿದರೆ ಕ್ರಿಕೆಟ್ಟಿನಲ್ಲಿ ಚಪ್ಪಾಳೆ. ಇಲ್ಲಿ ಅದಕ್ಕೆ ಚಿಕ್ಕಾಸಿನ ಬೆಲೆಯಿಲ್ಲ. ಏಪ್ರಿಲಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ಪ್ರತಿದಿನ ಆಟ. ನನ್ನನ್ನು ಗಾಬರಿಗೊಳಿಸಿದ್ದು ಇನ್ನೊಂದು ಸಂಗತಿ. ಮೈದಾನದ ದೊಡ್ಡ ಬೋರ್ಡಿನ ಮೇಲೆ ರನ್ನಿನ ಪಕ್ಕದಲ್ಲೇ 'ತಪ್ಪುಗಳು' ಎಂದು ಇನ್ನೊಂದು ಅಂಕಣವಿರುತ್ತದಂತೆ. ಕೈಗೆ ಬಂದ ಚೆಂಡು ಬಿಟ್ಟರೆ, ಎಸೆಯಬೇಕಾದವನು ಬೇರೆಲ್ಲಿಗೋ ಎಸೆದರೆ, ಅದನ್ನು ಸಾವಿರಾರು ಜನರೆದುರು ಬರೆದು ತೋರಿಸುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮತ್ತೆಗೆ ಇಂಥದೊಂದು ಬೋರ್ಡು ಸಿಕ್ಕಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ಯೋಚಿಸಿದೆ. ಡೇಲ್ ಸರ್ ತಂಡಕ್ಕೆ ಆ ಅಂಕಣ ಯಾವತ್ತೂ ಖಾಲಿ ಇರುತ್ತಿರಲಿಲ್ಲ. ಹೈಸ್ಕೂಲಿನಲ್ಲಿದ್ದ ನನ್ನ ಮಗ ಒಂದು ದಿನ ನನ್ನ ಫೋನು ಇಣುಕಿ, "ಅಮ್ಮಾ, ದೇ ಆರ್ ಹೋಪ್‌ಲೆಸ್" ಎಂದು ತೀರ್ಪು ಕೊಟ್ಟು ಹೋದ.

ತೈಲದ ಬೆಲೆ ಕುಸಿದಿದ್ದ ವರ್ಷ ಅದು. ಮೊದಮೊದಲು ಅದು ಟಿ.ವಿ.ಯಲ್ಲಿ ಬರುವ ಸುದ್ದಿಯಾಗಿತ್ತು. ಆಮೇಲೆ ನಮ್ಮ ಅಂಗಳಕ್ಕೆ ಬಂತು. ವಾರಕ್ಕೆ ನಾಲ್ಕು ಟ್ರೇಲರು ಬರುತ್ತಿದ್ದಲ್ಲಿ ಒಂದು ಬಂತು, ಅದೂ ನಿಂತಿತು. ಹೊಸ ಬಾವಿ ತೋಡುವುದನ್ನೇ ನಿಲ್ಲಿಸಿದ್ದಾರೆ, ಪಂಪು ಯಾಕೆ ಬರುತ್ತದೆ ಎಂದರು. ಅಲ್ ಖುವೈರಿನ ನಮ್ಮ ಕಟ್ಟಡದಲ್ಲಿ ವಾರಕ್ಕೊಂದು ಮನೆಯ ಸೋಫಾ, ವಾಷಿಂಗ್ ಮಷಿನ್ನುಗಳು ಲಿಫ್ಟಿನ ಎದುರು ಬಂದು ನಿಲ್ಲತೊಡಗಿದವು. ಯಾರನ್ನಾದರೂ "ಊರಿಗೆ ಯಾವಾಗ?" ಎಂದು ಕೇಳುವುದನ್ನೇ ನಾವು ಬಿಟ್ಟೆವು. ಅದುವರೆಗೆ ಅದು ರಜೆಯ ಪ್ರಶ್ನೆಯಾಗಿತ್ತು.

ಕಂಪನಿಯ ಮುಖ್ಯ ಕಚೇರಿಯಿಂದ ಜೂನಿನಲ್ಲಿ ಮೊದಲ ಪತ್ರ ಬಂತು: ಯಾರನ್ನು ಕೆಲಸದಿಂದ ಕಳಿಸಬಹುದು, ಪಟ್ಟಿ ಕೊಡಿ. ಡೇಲ್ ಸರ್ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಜುಲೈಯಲ್ಲಿ ಎರಡನೆಯ ಪಟ್ಟಿ. ಅದರಲ್ಲಿ ಮೂರನೆಯ ಹೆಸರು ಹೇಳುವ ಮೊದಲು ಅವರು ಕಿಟಕಿಯತ್ತ ತಿರುಗಿಕೊಂಡರು. ಆಮೇಲೆ, "ವಿನ್ಸೆಂಟ್. ಸೆಪ್ಟೆಂಬರ್ ಕೊನೆ," ಎಂದರು.

ವಿನ್ಸೆಂಟ್ ನಮ್ಮ ವರ್ಕ್‌ಶಾಪಿನ ಫೋರ್‌ಮನ್. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ನನಗಿಂತ ಆರೇಳು ವರ್ಷ ದೊಡ್ಡವರು. ನಮ್ಮ ಪಕ್ಕದ ಕಟ್ಟಡದಲ್ಲೇ ಮನೆ. ದಿನಾ ಬೆಳಿಗ್ಗೆ ನನ್ನನ್ನು ಅವರ ಕಾರಿನಲ್ಲಿ ಆಫೀಸಿಗೆ ಕರೆದುಕೊಂಡು ಹೋಗಿ, ಸಂಜೆ ವಾಪಸು ಬಿಡುತ್ತಿದ್ದವರು ಅವರೇ. ಹೆಂಡತಿ ಐರಿನ್ ಮನೆಯಲ್ಲಿರುತ್ತಿದ್ದರು. ಮಗಳು ರೀನಾ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೆಯ ತರಗತಿ, ಮಾರ್ಚಿಗೆ ಬೋರ್ಡ್ ಪರೀಕ್ಷೆ. ಅಪ್ಪನ ಕೆಲಸ ಸೆಪ್ಟೆಂಬರಿಗೆ ಹೋದರೆ ಅಪ್ಪನ ವೀಸಾ ಹೋಗುತ್ತದೆ. ಅದರ ಬೆನ್ನಿಗೆ ಅಮ್ಮನದು, ಮಗಳದು. ವರ್ಷದ ನಡುವೆ ಊರಿಗೆ ಹೋದರೆ ಹನ್ನೆರಡನೆಯ ತರಗತಿಗೆ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಬೆರಳುಗಳು ಆ ಹೆಸರನ್ನು ಟೈಪ್ ಮಾಡಿದವು.

ಪಟ್ಟಿಯ ವಿಷಯ ಹೊರಗೆ ಹೇಳುವಂತಿಲ್ಲ. ಆ ಸಂಜೆ ಕಾರಿನಲ್ಲಿ ವಿನ್ಸೆಂಟ್ ಒಂದು ಡಬ್ಬಿ ಕೊಟ್ಟು, "ಐರಿನ್ ಪತ್ರೊಡೆ ಮಾಡಿದ್ದಾಳೆ ಮೇಡಂ. ನಿಮಗೆ ಅಂತ ಬೇರೆ ತೆಗ್ದಿಟ್ಟದ್ದು," ಎಂದರು. ನಾನು ಪತ್ರೊಡೆಯನ್ನು ಹೊಗಳಲು ಶುರು ಮಾಡಿದವಳು ಅಲ್ ಖುವೈರ್ ತಲುಪುವ ತನಕ ನಿಲ್ಲಿಸಲಿಲ್ಲ. ಡಬ್ಬಿಯನ್ನಿನ್ನೂ ತೆರೆದೇ ಇರಲಿಲ್ಲ. ಅಂದಿನಿಂದ ನಾನು ಕಾರಿನಲ್ಲಿ ವಿಪರೀತ ಮಾತನಾಡತೊಡಗಿದೆ. ಸುಮ್ಮನಾದರೆ ಬಾಯಿಗೆ ಆ ಹೆಸರೇ ಬರುತ್ತದೆಂಬ ಭಯ.

ಆ ಮರುದಿನವೋ ಅದರ ಮರುದಿನವೋ ಒಂದು ವಿಚಿತ್ರ ನಡೆಯಿತು. ನನ್ನನ್ನು ಆಫೀಸಿನ ಬಾಗಿಲಲ್ಲಿ ಇಳಿಸಿದ ವಿನ್ಸೆಂಟ್ ವರ್ಕ್‌ಶಾಪಿಗೆ ಹೋಗದೆ ನೇರವಾಗಿ ಡೇಲ್ ಸರ್ ಕಾರಿನ ಬಳಿ ಹೋಗಿ ಗಾಜು ಬಡಿದರು. ಗಾಜು ಇಳಿಯಿತು. ಏನೋ ಮಾತಾಯಿತು. ವಿನ್ಸೆಂಟ್ ಸುತ್ತು ಹಾಕಿ ಹೋಗಿ ಪಕ್ಕದ ಸೀಟಿನಲ್ಲಿ ಕೂತರು. ಇಬ್ಬರೂ ಎದುರಿನ ಗೋಡೆ ನೋಡುತ್ತಾ ಆಟ ಮುಗಿಯುವ ತನಕ ಕೂತಿದ್ದು, ಇಳಿದು, ತಂತಮ್ಮ ದಾರಿ ಹಿಡಿದರು. ಮರುದಿನವೂ ಹಾಗೇ. ಅದರ ಮರುದಿನವೂ.

ವರ್ಕ್‌ಶಾಪಿನಲ್ಲಿ ಪಿಸುಮಾತು ಶುರುವಾಯಿತು. ಫೋರ್‌ಮನ್ ಬಾಸಿಗೆ ಬೆಣ್ಣೆ ಹಚ್ಚುತ್ತಿದ್ದಾನೆ, ಕೆಲಸ ಉಳಿಸಿಕೊಳ್ಳಲು ಚೆಂಡಾಟ ಕಲಿಯುತ್ತಿದ್ದಾನೆ ಎಂದರು. ನಾನೂ ಹಾಗೇ ಅಂದುಕೊಂಡೆ. ಅಂದುಕೊಂಡು ಇನ್ನಷ್ಟು ಸಂಕಟಪಟ್ಟೆ. ಪಾಪ, ಹಚ್ಚಿ ಏನು ಪ್ರಯೋಜನ, ಹೆಸರು ಆಗಲೇ ಹೋಗಿ ಆಗಿದೆ.

ಆದರೆ ವಿನ್ಸೆಂಟ್ ನಿಜಕ್ಕೂ ಆಟ ಕಲಿತರು. ಎಳೆವಯಸ್ಸಿನಲ್ಲಿ ಚರ್ಚ್ ಮೈದಾನದಲ್ಲಿ ವಾಲಿಬಾಲ್ ಆಡಿದವರು. ಚೆಂಡು ಯಾವುದಾದರೇನು, ಅದರ ಜಾಡು ಅವರಿಗೆ ಸಿಕ್ಕುತ್ತಿತ್ತು. ಸಂಜೆ ಕಾರಿನಲ್ಲಿ ನನಗೆ ವಿವರಿಸುವವರು ಈಗ ಅವರೇ.

"ಇವತ್ತು ಎಂಟನೇ ಸರದಿ ತನಕ ನಾವೇ ಮುಂದೆ ಇದ್ದದ್ದು ಮೇಡಂ. ಮತ್ತೆ ಎಂತದೋ ಒಬ್ಬ ಹೊಸ ಹುಡುಗನನ್ನು ಚೆಂಡು ಎಸೀಲಿಕ್ಕೆ ತಂದ್ರು. ಅವನಿಗೆ ಹೆದರಿಕೆ. ನಾಲ್ಕು ಜನರಿಗೆ ಪುಕ್ಕಟೆ ಬೇಸ್ ಕೊಟ್ಟ. ಖಲಾಸ್."

"ಡೇಲ್ ಸರ್ ಏನಂದ್ರು?"

"ಅವರು ಎಂತ ಹೇಳುದು? 'ಹುಡುಗನ ಅಮ್ಮ ನೋಡ್ತಾ ಇರ್ತಾಳೆ' ಅಂದ್ರು. ಅಷ್ಟೇ."

ಆ ಬೇಸಗೆ ತಂಡ ಎರಡು ವಾರ ಸತತವಾಗಿ ಸೋತಿತು. ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಬೇಸ್‌ಬಾಲಿನಲ್ಲಿ ಅದೊಂದು ಪದ್ಧತಿಯಂತೆ. ಹೇಗೂ ಗೆಲ್ಲುವುದಿಲ್ಲ ಎಂದು ಗೊತ್ತಾದ ಮೇಲೆ ಇರುವವರನ್ನು ಕಳಿಸಿ ಮುಂದಿನ ವರ್ಷಗಳಿಗೆ ಎಳೆಯರನ್ನು ತರುತ್ತಾರೆ. ನಮ್ಮ ಅಂಗಳದಲ್ಲೂ ಜನ ಕಡಿಮೆಯಾಗುತ್ತಿದ್ದರು, ಬದಲಿಗೆ ಯಾರೂ ಬರುತ್ತಿರಲಿಲ್ಲ. ಇಪ್ಪತ್ತಾರು ಜನರಿದ್ದಲ್ಲಿ ಆಗಸ್ಟಿಗೆ ಹನ್ನೊಂದು. ವೀಸಾ, ಲೇಬರ್ ಕಾರ್ಡುಗಳ ಓಡಾಟ ನೋಡಿಕೊಳ್ಳುತ್ತಿದ್ದ, ರುಸ್ತಾಕ್ ಎಂಬ ಊರಿನ ಒಮಾನಿ ಸಾಲಿಂ ಒಂದು ದಿನ ನನ್ನ ಮೇಜಿನೆದುರು ಕೂತು, ಪಾಸ್‌ಪೋರ್ಟುಗಳ ಕಟ್ಟನ್ನು ಕೈಯಲ್ಲಿ ತೂಗುತ್ತಾ ಹಿಂದಿಯಲ್ಲಿ ಹೇಳಿದ: "ಸುಮಾ ಬೆಹನ್, ಹನ್ನೆರಡು ವರ್ಷ ನಾನು ಈ ಜನರಿಗೆ ವೀಸಾ ಹಾಕಿಸಿದೆ. ಆಗ ಎಲ್ಲರೂ ನನಗೆ ಚಹಾ ಕುಡಿಸುತ್ತಿದ್ದರು. ಈಗ ನನ್ನ ಗಾಡಿ ಕಂಡರೆ ಅಡಗಿಕೊಳ್ಳುತ್ತಾರೆ."

ಆಗಸ್ಟಿನಲ್ಲಿ ಡೇಲ್ ಸರ್ ನನ್ನನ್ನು ಕರೆದು, ವಿನ್ಸೆಂಟನ್ನು ಏಪ್ರಿಲ್ ತನಕ ಉಳಿಸಿಕೊಳ್ಳಲು ಮುಖ್ಯ ಕಚೇರಿಗೆ ಒಂದು ಪತ್ರ ಬರೆಯಬೇಕು ಎಂದರು. "ನನಗೆ ಪಂಪಿನ ಬಗ್ಗೆ ಬರೆಯಲು ಬರುತ್ತದೆ. ಮನುಷ್ಯರ ಬಗ್ಗೆ ಬರುವುದಿಲ್ಲ. ನೀನು ಬರಿ."

ನಾನು ಬರೆದೆ. ಊರಿನಲ್ಲಿ ಅಕ್ಷರ ಬಾರದ ಅಕ್ಕಪಕ್ಕದವರ ಕಾಗದಗಳನ್ನೆಲ್ಲ ಬರೆದುಕೊಟ್ಟು ಬೆಳೆದವಳು. ಕರುಣರಸ ನನಗೆ ನೀರು ಕುಡಿದಷ್ಟು ಸುಲಭ ಎಂಬ ಹಮ್ಮು ಬೇರೆ. ಪುಟ ತುಂಬ ಬರೆದು ಕೊಟ್ಟೆ. ಡೇಲ್ ಸರ್ ಓದಿ, ಕಣ್ಣು ಒರೆಸಿಕೊಂಡು, ಅರ್ಧ ಹೊಡೆದುಹಾಕಿದರು. "ಇದನ್ನು ಓದುವವನಿಗೆ ಮೂವತ್ತು ವರ್ಷ. ಅಳುವುದಿಲ್ಲ," ಎಂದರು. ಪತ್ರ ಹೋಯಿತು. ಎರಡೇ ಸಾಲಿನ ಉತ್ತರ ಬಂತು: ಸಾಧ್ಯವಿಲ್ಲ. ಇನ್ನೊಂದು ಬರೆದೆವು, ಈ ಸಲ ಕರುಣರಸವಿಲ್ಲದೆ. ಅದಕ್ಕೆ ಒಂದೇ ಸಾಲು. ಆ ದಿನ ಬೆಳಿಗ್ಗೆ ತಂಡವೂ ಸೋತಿತ್ತು. ಡೇಲ್ ಸರ್ ಮಧ್ಯಾಹ್ನದ ತನಕ ಕೋಣೆಯಿಂದ ಹೊರಗೆ ಬರಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಕೊನೆಯ ಪತ್ರ ಬಂತು. ಘಾಲಾದ ವರ್ಕ್‌ಶಾಪನ್ನೇ ಮುಚ್ಚುವುದು. ಯಂತ್ರಗಳನ್ನು ಬಿಚ್ಚಿ, ಪೆಟ್ಟಿಗೆಗಳಿಗೆ ತುಂಬಿ ಹಡಗಿಗೆ ಏರಿಸಲು ಆರು ತಿಂಗಳು. ಅದಕ್ಕೆ ಒಬ್ಬರು ಸಾಕು, ಮ್ಯಾನೇಜರ್ ಉಳಿಯಲಿ, ಮಿಕ್ಕವರ ಪಟ್ಟಿ ಕಳಿಸಿ ಎಂದಿತ್ತು.

ಆ ಪಟ್ಟಿ ಟೈಪ್ ಮಾಡಲು ನನ್ನನ್ನು ಅವರು ಕರೆಯಲಿಲ್ಲ. ಮಧ್ಯಾಹ್ನ ಅವರ ಕೋಣೆಯಿಂದ ಟಕ್, ಟಕ್ ಎಂದು ಒಂದು ಸದ್ದು. ಎರಡು ಬೆರಳಿನಲ್ಲಿ ಟೈಪ್ ಮಾಡುವವರ ಸದ್ದು. ಇಷ್ಟು ವರ್ಷದಲ್ಲಿ ಆ ಸದ್ದು ನಾನು ಕೇಳಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನನ್ನ ಹಿಂದಿದ್ದ ಪ್ರಿಂಟರ್ ಒಂದು ಹಾಳೆ ಹೊರಹಾಕಿತು. ಪ್ರಿಂಟರ್ ನನ್ನ ಬೆನ್ನಿಗೇ ಇದೆ ಎಂಬುದು ಅವರಿಗೆ ಮರೆತೇ ಹೋಗಿತ್ತೆಂದು ಕಾಣುತ್ತದೆ.

ಹಾಳೆ ತೆಗೆದು ನೋಡಿದೆ. ನಾಲ್ಕನೆಯ ಸಾಲಿನಲ್ಲಿ ನನ್ನ ಹೆಸರಿತ್ತು. ಅದರ ಇಂಗ್ಲಿಷ್ ಅಕ್ಷರಗಳಲ್ಲಿ 'ಯು' ಇರಬೇಕಾದ ಕಡೆ ಎರಡು 'ಓ' ಇದ್ದವು. ಅವರು ಕರೆಯುವ ಹಾಗೆಯೇ, ಸೂಮಾ. ನನಗೆ ಮೊದಲು ಬಂದದ್ದು ನಗು. ನಕ್ಕ ಮೇಲೆ ಹಾಳೆಯನ್ನು ಮೇಜಿನ ಮೇಲಿಟ್ಟು ಇನ್ನೊಮ್ಮೆ ಓದಿದೆ. ಗೊತ್ತಿದ್ದದ್ದೇ. ಆದರೂ ಒಂದೂವರೆ ತಿಂಗಳಿನಿಂದ ಬೇರೆಯವರ ಹೆಸರಿಗೆ ಕಣ್ಣೀರಿಟ್ಟವಳಿಗೆ ತನ್ನ ಹೆಸರೂ ಇರಬಹುದು ಎಂಬ ಯೋಚನೆಯೇ ಬಂದಿರಲಿಲ್ಲ. ಆಮೇಲೆ ಕಣ್ಣು ಮೊದಲ ಸಾಲಿಗೆ ಹೋಯಿತು. ಅಲ್ಲಿ ಡೇಲ್ ಸರ್ ಹೆಸರಿತ್ತು. ಕೆಳಗಿನ ತನಕ ಹುಡುಕಿದೆ. ವಿನ್ಸೆಂಟ್ ಹೆಸರಿರಲಿಲ್ಲ.

ಹಾಳೆ ಹಿಡಿದು ಒಳಗೆ ಹೋದೆ.

"ಸ್ಪೆಲಿಂಗ್ ತಪ್ಪಿದೆ ಸರ್."

"ಯಾವುದು?"

"ನನ್ನ ಹೆಸರು."

ಅವರ ಮುಖ ಕೆಂಪಾಯಿತು. ಎದ್ದು ನಿಂತರು. "ಸೂಮಾ, ನಾಳೆ ಬೆಳಿಗ್ಗೆ ನಿನ್ನನ್ನು ಕೂರಿಸಿ ಹೇಳಬೇಕೆಂದಿದ್ದೆ. ನಿನ್ನ ಕೈಯಿಂದ ನಿನ್ನ ಹೆಸರು ಬರೆಸಬಾರದು ಎಂದು..." ಹಾಳೆಗೆ ಕೈ ಚಾಚಿದರು. ನಾನು ಕೊಡಲಿಲ್ಲ.

"ಮೊದಲ ಹೆಸರಿನ ಸ್ಪೆಲಿಂಗ್ ಸರಿಯಾಗಿದೆ," ಎಂದೆ. "ಆದರೆ ಅದು ಯಾಕಿದೆ?"

"ಯಂತ್ರ ಬಿಚ್ಚಿ ಕಟ್ಟಲು ನನಗೆ ಬರುವುದಿಲ್ಲ. ವಿನ್ಸೆಂಟ್‌ಗೆ ಬರುತ್ತದೆ. ಅಷ್ಟೇ."

"ಅವರು ಒಪ್ಪುತ್ತಾರಾ?"

"ಮ್ಯಾನೇಜರನ್ನು ಉಳಿಸಿಕೊಳ್ಳುವುದಕ್ಕಿಂತ ಫೋರ್‌ಮನ್ನನ್ನು ಉಳಿಸಿಕೊಳ್ಳುವುದು ಅವರಿಗೆ ಅಗ್ಗ. ಮೂವತ್ತು ವರ್ಷದ ಹುಡುಗನಿಗೂ ಅರ್ಥವಾಗುತ್ತದೆ." ಕಿಟಕಿಯತ್ತ ತಿರುಗಿ ಮತ್ತೆ ಹೇಳಿದರು, "ತಿಂಗಳ ಕೊನೆಯ ವಾರ ತಂಡ ನಮ್ಮೂರಿನಲ್ಲೇ ಆಡುತ್ತದೆ. ಹನ್ನೊಂದು ವರ್ಷದಿಂದ ಮೈದಾನಕ್ಕೆ ಹೋಗಿಲ್ಲ. ಹೋಗಿ ನೋಡಬೇಕು."

"ಗೆಲ್ಲುತ್ತಾರಾ ಸರ್?"

"ಇಲ್ಲ," ಎಂದರು ಡೇಲ್ ಸರ್.

ಒಪ್ಪಿಗೆ ಬಂದದ್ದು ಹತ್ತು ದಿನದ ಮೇಲೆ. ಸಾಲಿಂ ಕಡತ ತೆಗೆದು ನೋಡಿ, ವಿನ್ಸೆಂಟರ ವೀಸಾ ಏಪ್ರಿಲ್ ಮಧ್ಯದ ತನಕ ಇದೆ, ಹೊಸದು ಮಾಡಿಸುವ ಗೋಜೂ ಇಲ್ಲ ಎಂದ. ಹೇಳಿದವನು ಎದ್ದು ಹೋಗಿ ತಾನೇ ಎಲ್ಲರಿಗೂ ಚಹಾ ತಂದ.

ಡೇಲ್ ಸರ್ ಒಂದು ಗುರುವಾರ ಹೊರಟರು. ಅಪ್ಪಿಕೊಳ್ಳುವುದು, ಭಾಷಣ ಮಾಡುವುದು ಏನೂ ಇರಲಿಲ್ಲ. ನನ್ನ ಕೈ ಕುಲುಕಿ, "ಸುಮಾ," ಎಂದರು. ಮೊದಲ ಸಲ ಸರಿಯಾಗಿ, ಗಿಡ್ಡ 'ಸು' ಹಾಕಿ. ಹಿಂದಿನ ದಿನ ವಿನ್ಸೆಂಟ್ ಹತ್ತಿರ ಅಭ್ಯಾಸ ಮಾಡಿದ್ದರಂತೆ.

ನನ್ನ ಕೆಲಸದ ಕೊನೆಯ ವಾರದಲ್ಲಿ, ಭಾನುವಾರ ಬೆಳಿಗ್ಗೆ ನಾವು ಅಂಗಳಕ್ಕೆ ಬಂದ ಹೊತ್ತಿಗೆ ವಿನ್ಸೆಂಟ್ ಫೋನು ಬಡಿದುಕೊಂಡಿತು. ಡೇಲ್ ಸರ್ ಮೈದಾನದಿಂದ ಕರೆ ಮಾಡಿದ್ದರು. ಅಲ್ಲಿ ಶನಿವಾರದ ರಾತ್ರಿಯ ಆಟ, ಕೊನೆಯ ಸರದಿ. ವಿನ್ಸೆಂಟ್ ಫೋನನ್ನು ಸ್ಪೀಕರಿಗೆ ಹಾಕಿ ಒಂದು ಎಣ್ಣೆ ಡ್ರಮ್ಮಿನ ಮೇಲಿಟ್ಟರು. ಉಳಿದಿದ್ದ ಆರು ಜನರೂ ಸುತ್ತ ನಿಂತೆವು. ಸಾಲಿಂ ಕೂಡ, ತನ್ನ ಬಿಳಿ ನಿಲುವಂಗಿ ದಿಶ್ದಾಶದ ಅಂಚು ಎಣ್ಣೆಗೆ ತಾಗದಂತೆ ಎತ್ತಿ ಹಿಡಿದು. ಫೋನಿನಿಂದ ಜನರ ಗದ್ದಲ, ಎಲ್ಲೋ ಒಂದು ಮಗುವಿನ ಅಳು.

"ಹೇಗುಂಟು ಸರ್ ಅಲ್ಲಿ?" ವಿನ್ಸೆಂಟ್ ಇಂಗ್ಲಿಷಿನಲ್ಲೇ ಕೇಳಿದರೂ 'ಉಂಟು' ಎಂದಂತೆಯೇ ಕೇಳಿಸಿತು.

"ಹುಲ್ಲು," ಎಂದರು ಡೇಲ್ ಸರ್. "ನಾನು ಮರೆತೇಬಿಟ್ಟಿದ್ದೆ, ಎಷ್ಟು ಹಸಿರು ಅಂತ."

ನಾವೆಲ್ಲ ಘಾಲಾದ ಸಿಮೆಂಟು ನೆಲ ನೋಡುತ್ತಾ ಆ ಹುಲ್ಲನ್ನು ಕೇಳಿಸಿಕೊಂಡೆವು. ಟಪ್ ಎಂದು ಒಂದು ಸದ್ದು. ಜನ 'ಓ' ಎಂದು ಎದ್ದರು. ಮತ್ತೆ ಉಸಿರು ಬಿಟ್ಟ ಹಾಗೆ ಕೂತರು. ಸೋತರು. ಇನ್ನು ಕರೆ ಕತ್ತರಿಸುತ್ತಾರೆ ಎಂದುಕೊಂಡರೆ ಚಪ್ಪಾಳೆ ಶುರುವಾಯಿತು. ನಿಲ್ಲಲೇ ಇಲ್ಲ.

"ಸರ್, ಯಾಕೆ ಚಪ್ಪಾಳೆ?" ಎಂದು ಕೇಳಿದೆ.

"ಅವತ್ತು ನಾಲ್ವರಿಗೆ ಪುಕ್ಕಟೆ ಬೇಸ್ ಕೊಟ್ಟ ಹುಡುಗ ಇದ್ದನಲ್ಲ," ಎಂದರು. "ಇವತ್ತು ಎರಡು ಸರದಿ ಎಸೆದ. ಒಬ್ಬರಿಗೂ ಕೊಡಲಿಲ್ಲ."

ನನ್ನ ಕೊನೆಯ ದಿನದ ಸಂಜೆ ವಿನ್ಸೆಂಟ್ ಕಾರಿನಲ್ಲಿ ಮನೆಗೆ ಹೊರಟೆ. ಮಡಿಲಲ್ಲಿ ನನ್ನ ಮೇಜಿನ ಸಾಮಾನಿನ ರಟ್ಟಿನ ಪೆಟ್ಟಿಗೆ. ಇನ್ನು ಮುಚ್ಚಿಡುವುದು ಏನೂ ಇಲ್ಲವಲ್ಲ ಎಂದು ಧೈರ್ಯ ಮಾಡಿದೆ.

"ವಿನ್ಸೆಂಟ್, ಜುಲೈಯ ಪಟ್ಟಿಯಲ್ಲಿ ನಿಮ್ಮ ಹೆಸರು ಟೈಪ್ ಮಾಡಿದ್ದು ನಾನೇ. ಗೊತ್ತಿದ್ದೂ ದಿನಾ ನಿಮ್ಮ ಪಕ್ಕದಲ್ಲಿ ಕೂತು ಬರ್ತಿದ್ದೆ."

ಅವರು ರಸ್ತೆ ನೋಡುತ್ತಲೇ ನಕ್ಕರು. "ನಂಗೊತ್ತುಂಟು ಮೇಡಂ. ನಿಮ್ಮತ್ರ ಟೈಪ್ ಮಾಡಿಸುವ ಮೊದ್ಲೇ ಡೇಲ್ ಸರ್ ನನ್ನನ್ನು ಕರ್ದು ಹೇಳಿದ್ರು. ನೀವು ಅವತ್ತು ಪತ್ರೊಡೆ ಹೊಗಳ್ಲಿಕ್ಕೆ ಶುರು ಮಾಡಿದ್ರಲ್ಲ, ಆಗ್ಲೇ ಟೈಪ್ ಆಯ್ತು ಅಂತ ಗೊತ್ತಾಯ್ತು."

ಒಂದು ಸಿಗ್ನಲ್ ದಾಟಿದ ಮೇಲೆ ಕೇಳಿದೆ: "ಗೊತ್ತಾದ ಮೇಲೂ ಅವರ ಕಾರಿನಲ್ಲಿ ಹೋಗಿ ಕೂತ್ರಲ್ಲ, ಯಾಕೆ?"

"ನಂಗೆ ಹೇಳುವಾಗ ಮೇಡಂ, ಅವರ ಕೈಯ ಕಪ್ಪಿನ ಚಹಾ ಎಲ್ಲ ಮೇಜಿಗೆ ಚೆಲ್ಲಿತು. ಮತ್ತೆ ಬೆಳಿಗ್ಗೆ ನೋಡಿದ್ರೆ ಒಬ್ರೇ ಕೂತಿದ್ದಾರೆ, ಗಾಜು ಮುಚ್ಕೊಂಡು. ಹೋಗಿ ಬಡಿದೆ." ಗೇರು ಬದಲಿಸಿ ಹೇಳಿದರು, "ಐರಿನಿಗೆ ಹೇಳ್ಲಿಕ್ಕೆ ನಂಗೆ ಧೈರ್ಯ ಇರ್ಲಿಲ್ಲ. ಗೊತ್ತಿದ್ದವರು ಅವರು, ನೀವು ಇಬ್ರೇ ಅಲ್ವಾ. ನೀವು ಮಾತು ನಿಲ್ಲಿಸ್ತಾನೇ ಇರ್ಲಿಲ್ಲ. ಅಲ್ಲಿ ಕೂತ್ರೆ ಮಾತಾಡುದು ಬೇಡ."

ಬಾಸಿಗೆ ಬೆಣ್ಣೆ ಎಂದುಕೊಂಡಿದ್ದ ನನ್ನ ಬುದ್ಧಿಗೆ ನಾನೇ ನಾಚಿ, ಪೆಟ್ಟಿಗೆಯೊಳಗಿನ ಸ್ಟೇಪ್ಲರ್ ತೆಗೆದು ಮತ್ತೆ ಒಳಗಿಟ್ಟೆ.

ರೀನಾ ಮಾರ್ಚಿನಲ್ಲಿ ಪರೀಕ್ಷೆ ಬರೆದಳು. ಮೊದಲ ಪರೀಕ್ಷೆಯ ದಿನ ಕೊನೆಯ ಕಂಟೇನರುಗಳಲ್ಲಿ ಒಂದು ಬಂದರಿಗೆ ಹೊರಡಬೇಕಿತ್ತು, ವಿನ್ಸೆಂಟ್ ಬಿಟ್ಟು ಬರುವಂತಿರಲಿಲ್ಲ. ಕೆಲಸವಿಲ್ಲದಿದ್ದರೂ ನಮ್ಮವರ ವೀಸಾದಲ್ಲಿ ಮಸ್ಕತ್ತಿನಲ್ಲೇ ಉಳಿದಿದ್ದ ನಾನು ಅವಳನ್ನು ಶಾಲೆಗೆ ಕರೆದೊಯ್ದು, ಮುಗಿಯುವ ತನಕ ಗೇಟಿನ ಹತ್ತಿರದ ಬೇವಿನ ಮರದ ನೆರಳಿನಲ್ಲಿ ಐರಿನ್ ಜೊತೆ ನಿಂತಿದ್ದೆ. ಹುಡುಗಿ ಹೊರಗೆ ಬಂದು, "ಓಕೆ ಆಂಟಿ, ನಾಟ್ ಬ್ಯಾಡ್" ಎಂದಳು. ಐರಿನ್ ಅಲ್ಲೇ ಶಿಲುಬೆಯ ಗುರುತು ಮಾಡಿಕೊಂಡರು.

ಏಪ್ರಿಲ್ ಎರಡನೆಯ ವಾರ ಅವರು ಮೂವರೂ ಮಂಗಳೂರಿಗೆ ಹೊರಟರು. ವಿದಾಯವೆಲ್ಲ ಹಿಂದಿನ ಸಂಜೆಯೇ ನಮ್ಮ ಮನೆಯಲ್ಲಿ ಆಗಿತ್ತು. ಮರುದಿನ ಬೆಳಿಗ್ಗೆ ಏಳರ ಸುಮಾರಿಗೆ ವಿಮಾನ ನಿಲ್ದಾಣದಿಂದ ವಿನ್ಸೆಂಟ್ ಫೋನು ಬಂತು. ಪಾಸ್‌ಪೋರ್ಟ್ ಗೀಸ್‌ಪೋರ್ಟ್ ಏನಾದರೂ ತೊಂದರೆಯಾಯಿತೇ ಎಂದು ಗಾಬರಿಯಿಂದ ಎತ್ತಿದೆ.

"ಮೇಡಂ, ವೀಸಾ ಕ್ಯಾನ್ಸಲ್ ಆಯ್ತು. ಈಗ ವಿಮಾನ ಹತ್ತುವ ಸಾಲಿನಲ್ಲಿದ್ದೇವೆ," ಎಂದರು. "ನೀವು ಇವತ್ತು ನೋಡಿದ್ರಾ?"

"ಏನನ್ನ?"

"ಗೆದ್ರು. ಈ ವರ್ಷದ ಮೊದಲನೆಯದ್ದು. ಆ ಹುಡುಗನೇ ಎಸೆದದ್ದು."

"ಡೇಲ್ ಸರ್‌ಗೆ ಹೇಳಿದ್ರಾ?"

"ಫೋನ್ ಮಾಡಿದೆ. 'ಸರ್, ಗೆದ್ದೆವಲ್ಲ' ಅಂದೆ. ಅವರು 'ಹೌದು, ವಿನ್ಸೆಂಟ್' ಅಂದ್ರು. ಮತ್ತೆ ಅವರಿಗೂ ಮಾತು ಬರ್ಲಿಲ್ಲ, ನಂಗೂ ಬರ್ಲಿಲ್ಲ. ಇಬ್ರೂ ಫೋನ್ ಹಿಡ್ಕೊಂಡು ಸುಮ್ನೆ ಕೂತದ್ದು."

"ಎಷ್ಟು ಹೊತ್ತು?"

"ನಮ್ಮ ವಿಮಾನ ಕರೆಯುವ ತನಕ," ಎಂದರು ವಿನ್ಸೆಂಟ್.